ಮನೆಭೇಟಿ ಆಟ ಕಾರ್ಯಕ್ರಮ, ಜಮೈಕಾ

ಬಡಕುಟುಂಬಗಳ ಎಳೆಯ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಆಟಿಕೆಗಳನ್ನು ಹೊತ್ತು ಹೋಗಿ, ತಾಯಿಯೊಂದಿಗೆ ಕೂತು ಮಗುವನ್ನು ಆಡಿಸುವ ಕಾರ್ಯಕ್ರಮ. 1970ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ರೂಪುಗೊಂಡಿತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವೈದ್ಯೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಇದರ ರೂವಾರಿ. ಹೊಟ್ಟೆ ತುಂಬಿದರೆ ಮಗುವಿನ ಬುದ್ಧಿ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಯನ್ನು ಇಷ್ಟು ದೀರ್ಘಕಾಲ ಒರೆಗೆ ಹಚ್ಚಿದ ಪ್ರಯೋಗಗಳು ವಿರಳ.

ಕೆಲಸ ಶುರುವಾದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ತೀವ್ರ ಅಪೌಷ್ಟಿಕತೆಯಿಂದ ದಾಖಲಾದ ಮಕ್ಕಳು ಚಿಕಿತ್ಸೆಯಿಂದ ಮೈತುಂಬಿಕೊಂಡರೂ ಮಾತಿನಲ್ಲಿ, ಗ್ರಹಿಕೆಯಲ್ಲಿ ಓರಗೆಯವರಿಗಿಂತ ಹಿಂದೆ ಉಳಿಯುತ್ತಿದ್ದರು. ಅಂಥವರನ್ನು ವಾರ್ಡಿನಲ್ಲೇ ಆಡಿಸುವ ಏರ್ಪಾಡಾಯಿತು. ಮನೆಗೆ ಮರಳಿದ ಮೇಲೂ ಮೂರು ವರ್ಷ ಕಾರ್ಯಕರ್ತೆಯರು ಅವರನ್ನು ಹುಡುಕಿಕೊಂಡು ಹೋದರು. ವರ್ಷಗಳ ನಂತರವೂ ಈ ಮಕ್ಕಳ ಬುದ್ಧಿಮಟ್ಟ ಬರಿಯ ಚಿಕಿತ್ಸೆ ಪಡೆದವರಿಗಿಂತ ಮೇಲಿತ್ತು.

ಹೆಸರಾದದ್ದು 1986–87ರಲ್ಲಿ ಆರಂಭವಾದ ಎರಡನೆಯ ಪ್ರಯೋಗ. ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಿಂದ, ವಯಸ್ಸಿಗೆ ತಕ್ಕ ಎತ್ತರವಿಲ್ಲದ, 9ರಿಂದ 24 ತಿಂಗಳ 129 ಮಕ್ಕಳನ್ನು ಆಯ್ದು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ಗಂಟೆಯ ಆಟ, ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹಸಿದ ಮನೆಯಲ್ಲಿ ಒಂದೇ ಮಗುವಿನ ಪಾಲು ಆ ಮಗುವಿಗಷ್ಟೇ ಉಳಿಯುವುದು ಕಷ್ಟ. ಇದನ್ನರಿತು ಮನೆಮಂದಿಗೂ ಜೋಳದ ಹಿಟ್ಟು, ಹಾಲಿನ ಪುಡಿ ಕೊಡಲಾಗುತ್ತಿತ್ತು. ಪ್ರಯೋಗ ಎರಡು ವರ್ಷ ನಡೆಯಿತು.

ಆಟದ ಕ್ರಮಕ್ಕೆ ಮನೋವಿಜ್ಞಾನಿ ಪಿಯಾಜೆಯ ಚಿಂತನೆ ಒಂದು ಆಧಾರ. ಸಾಮಾನುಗಳು ಮಾತ್ರ ತೀರ ಸಾಮಾನ್ಯ: ಖಾಲಿ ಪ್ಲಾಸ್ಟಿಕ್ ಬಾಟಲಿಯ ಗಿಲಕಿ, ಬಾಟಲಿ ಮುಚ್ಚಳ, ರಟ್ಟಿನ ತುಂಡು, ಬಟ್ಟೆಯ ಗೊಂಬೆ, ಕೈಯಾರೆ ಮಾಡಿದ ಚಿತ್ರಪುಸ್ತಕ. ಕಾರ್ಯಕರ್ತೆ ಅವನ್ನು ಮನೆಯಲ್ಲಿ ಬಿಟ್ಟು, ಮುಂದಿನ ಭೇಟಿಯಲ್ಲಿ ಬದಲಿಸಿ ಬೇರೆಯವನ್ನು ಕೊಡುತ್ತಿದ್ದಳು. ಮಗುವಿಗೆ ಪಾಠ ಹೇಳುವುದು ಅವಳ ಕೆಲಸವಲ್ಲ. ಮಗು ತೊದಲಿದರೆ ಮರುನುಡಿಯುವುದು, ಕಣ್ಣಿಗೆ ಬಿದ್ದ ವಸ್ತುವಿನ ಹೆಸರು ಹೇಳುವುದು, ಸಣ್ಣ ಪ್ರಯತ್ನಕ್ಕೂ ಶಹಬ್ಬಾಸ್ ಎನ್ನುವುದು ತಾಯಿಗೆ ರೂಢಿಯಾಗುವಂತೆ ಮಾಡಬೇಕಿತ್ತು. ವಾರದ ಉಳಿದ ಗಂಟೆಗಳೆಲ್ಲ ತಾಯಿಯ ಕೈಯಲ್ಲೇ ಇರುವುದರಿಂದ ಕಾರ್ಯಕ್ರಮದ ಜೀವಾಳ ಇದೇ ಎನ್ನಬೇಕು.

1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಬಂತು. ಆಹಾರದಿಂದಲೂ ಆಟದಿಂದಲೂ ಮಕ್ಕಳು ಸುಧಾರಿಸಿದ್ದರು. ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಆದರೆ ಏಳೆಂಟರ ವಯಸ್ಸಿಗೆ ಈ ಅಂತರ ಬಹಳ ಕಿರಿದಾಯಿತು. ಪ್ರಯೋಗ ಅಲ್ಲಿಗೇ ನಿಂತಿದ್ದರೆ ವಿಫಲವೆಂದೇ ದಾಖಲಾಗುತ್ತಿತ್ತೇನೋ. ಸಂಶೋಧಕರು ಬಿಡಲಿಲ್ಲ. ಹನ್ನೊಂದರ ಹೊತ್ತಿಗೆ ಹೆಚ್ಚುವರಿ ಆಹಾರದ ಲಾಭ ಕಾಣಲಿಲ್ಲ, ಆಟದ ಲಾಭ ಉಳಿದಿತ್ತು. ಸೂಸನ್ ವಾಕರ್ ಮುಂದಾಳತ್ವದ ನಂತರದ ಅಧ್ಯಯನಗಳಲ್ಲಿ, ಹದಿನೇಳರಲ್ಲಿ ಓದು ಚೆನ್ನಾಗಿತ್ತು, ಆತಂಕ ಮತ್ತು ಖಿನ್ನತೆ ಕಡಿಮೆಯಿತ್ತು. ಇಪ್ಪತ್ತೆರಡರಲ್ಲಿ ಹೊಡೆದಾಟಗಳೂ ಕಡಿಮೆಯಾಗಿದ್ದವು. ಅರ್ಥಶಾಸ್ತ್ರಜ್ಞರಾದ ಪಾಲ್ ಗರ್ಟ್ಲರ್, ಜೇಮ್ಸ್ ಹೆಕ್‌ಮನ್ ಮೊದಲಾದವರು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಆಟದ ಗುಂಪಿನವರ ಗಳಿಕೆ ಶೇ. 25ರಷ್ಟು ಹೆಚ್ಚೆಂದು ತೋರಿಸಿದರು.

ಮಾದರಿ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆಹಾರ ಬೇಡವೆಂದು ಇದರಿಂದ ತೀರ್ಮಾನಿಸುವುದಂತೂ ಸಲ್ಲದು. ಬೇರೆ ನೆಲದಲ್ಲಿ, ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಯಾಗಬೇಕಿತ್ತು. ಬಾಂಗ್ಲಾದೇಶ, ಕೊಲಂಬಿಯಾಗಳಲ್ಲಿ ಅದು ನಡೆಯಿತು. ಕಾರ್ಯಕ್ರಮದ ಕೈಪಿಡಿಗಳು 'ರೀಚ್ ಅಪ್' ಎಂಬ ಹೆಸರಲ್ಲಿ ಹಲವು ದೇಶಗಳನ್ನು ತಲುಪಿವೆ. ಭಾರತದಲ್ಲಿ ಒಡಿಶಾದ ಹಳ್ಳಿಗಳಲ್ಲಿ ಮನೆಭೇಟಿಯ ಜೊತೆಗೆ ತಾಯಂದಿರನ್ನೂ ಮಕ್ಕಳನ್ನೂ ಒಂದೆಡೆ ಸೇರಿಸಿ ಆಡಿಸುವ ಕ್ರಮವನ್ನೂ ಪರೀಕ್ಷಿಸಲಾಯಿತು. ಎರಡೂ ಬಗೆಯಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆ ಸುಧಾರಿಸಿತು; ಗುಂಪು ಸಭೆಗಳ ಖರ್ಚು ಮಾತ್ರ ಬಹಳ ಕಡಿಮೆ.