ಮಲೆನಾಡಿನಲ್ಲಿ ಶಿಶುಶಿಕ್ಷಣ
ಹಿಂದೆ ಕನ್ನಡನಾಡಿನ ಐಗಳ ಮಠಗಳಲ್ಲಿ ಶಿಶುಗಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಕೈ ಪಳಗಿದ ಮೇಲೆಯೇ ಬಳಪ ಹಿಡಿಯುತ್ತಿದ್ದರು. ತಪ್ಪಿದುದನ್ನು ಅಂಗೈಯಿಂದ ಅಳಿಸಬಹುದಾದ ಮರಳು ಎಳೆಯ ವಯಸ್ಸಿಗೆ ಒಪ್ಪುವ ಸಾಧನವಾಗಿದ್ದಿತು. ಆದರೆ ಬೆತ್ತದ ಭಯವೂ ಅಲ್ಲಿದ್ದಿತು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಮನೆಗಳು ಕಾಡುಗುಡ್ಡಗಳ ನಡುವೆ ಚದುರಿದ್ದು, ಮಳೆಗಾಲದಲ್ಲಿ ಹಳ್ಳ ದಾಟುವುದು ಮಕ್ಕಳಿಗೆ ದುಸ್ತರವಾಗಿದ್ದಿತು. ಅನುಕೂಲಸ್ಥರು ಉಪಾಧ್ಯಾಯರನ್ನೇ ಮನೆಗೆ ಕರೆಯಿಸುತ್ತಿದ್ದರು. 1904ರಲ್ಲಿ ಜನಿಸಿದ ಕುವೆಂಪುರವರ ಆರಂಭದ ವಿದ್ಯಾಭ್ಯಾಸವೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿಯೇ ನಡೆಯಿತು. ಬಡವರ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ.

1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಕ್ರಮೇಣ ಊರೂರಿಗೆ ಬಂದು, ಆರು ವರ್ಷದೊಳಗಿನ ಸಕಲರ ಮಕ್ಕಳಿಗೂ ಆಟ, ಹಾಡು, ಆಹಾರಗಳನ್ನು ಒದಗಿಸಿದುವು. ಎಳೆಯ ಕೈಗೆ ಅವಸರದಿಂದ ಲೇಖನಿಯನ್ನು ಕೊಡುವ ತಂದೆತಾಯಂದಿರು ಆ ಮರಳನ್ನೊಮ್ಮೆ ನೆನೆಯುವುದು ಶ್ರೇಯಸ್ಕರವು.