ಬೇಲಿಯ ಮರದ ಎರಡು ಸೀಳುಗಳು

ಅಮೆರಿಕದ ಜನನಾಯಕರಿಗೆ ಅವರವರ ಸಂಸ್ಥಾನದ ಹೆಸರು ಬಿರುದಾಗಿಯೋ ಭಾರವಾಗಿಯೋ ಜೀವನಪರ್ಯಂತ ಅಂಟಿಕೊಂಡು ಬರುವುದುಂಟಾದರೂ, ಅಬ್ರಹಾಂ ಲಿಂಕನ್ನನಿಗೆ ಒದಗಿದಷ್ಟು ಸಕಾಲದಲ್ಲಿ ಅದು ಒದಗಿದ್ದು ವಿರಳ. 1809ರಲ್ಲಿ ಕೆಂಟಕಿಯ ದಿಮ್ಮಿಮನೆಯೊಂದರಲ್ಲಿ ಜನಿಸಿ, ಏಳನೆಯ ವಯಸ್ಸಿನಲ್ಲಿ ಇಂಡಿಯಾನವನ್ನು ಸೇರಿ, 1830ರಲ್ಲಿ ತಂದೆಯೊಡನೆ ಇಲಿನಾಯ್ ಸಂಸ್ಥಾನಕ್ಕೆ ಬಂದ ಈ ಪುರುಷನು, 1860ರ ವೇಳೆಗೆ ಸ್ಪ್ರಿಂಗ್‌ಫೀಲ್ಡಿನಲ್ಲಿ ರೈಲ್ವೆ ಕಂಪೆನಿಯ ಪರವಾಗಿಯೂ ವಾದಿಸಿ ಹೆಸರು ಗಳಿಸಿದ್ದ ವಕೀಲನಾಗಿದ್ದನೆಂಬುದನ್ನು ಮರೆಯಬಾರದು.

1860ರ ಮೇ ತಿಂಗಳಲ್ಲಿ ಡಿಕೇಟರ್ ಪಟ್ಟಣದಲ್ಲಿ ಇಲಿನಾಯ್ ರಿಪಬ್ಲಿಕನ್ನರು ಸಮಾವೇಶಗೊಂಡಿದ್ದಾಗ, ಅವನ ತಾಯಿಯ ಕಡೆಯ ಬಂಧುವಾದ ಜಾನ್ ಹ್ಯಾಂಕ್ಸನು, ಬೇಲಿಗೆ ಹಾಕುವ ಎರಡು ಹಳೆಯ ಮರದ ಸೀಳುಗಳಿಗೆ ಬರಹದ ಬಟ್ಟೆಯೊಂದನ್ನು ಕಟ್ಟಿ ಸಭಾಮಧ್ಯಕ್ಕೆ ಹೊತ್ತುತಂದನು. ಮೂವತ್ತು ವರ್ಷಗಳ ಹಿಂದೆ ಲಿಂಕನ್ನನೂ ಕೂಡಿ ಸೀಳಿದ ಮೂರು ಸಾವಿರದೊಳಗಿನವು ಇವೆಂಬುದು ಆ ಬರಹದ ಒಕ್ಕಣೆ. ಜನರ ಹರ್ಷೋದ್ಗಾರವು ಮುಗಿಲು ಮುಟ್ಟಿತು. ಇವು ತನ್ನ ಕೈಯವೇ ಎಂದು ಲಿಂಕನ್ನನು ಖಂಡಿತವಾಗಿ ಹೇಳಲಿಲ್ಲ. ಇವಕ್ಕಿಂತ ಉತ್ತಮವಾದುವನ್ನು ಎಷ್ಟೋ ಸೀಳಿದ್ದೇನೆಂದು ಮಾತ್ರ ನಗೆಯಾಡಿದನು. (ವಕೀಲನಲ್ಲವೆ!) ಅಂದಿನಿಂದ ಕಪ್ಪು ಕೋಟಿನ ನ್ಯಾಯವಾದಿಯು ಹಿಂದೆ ಸರಿದು, ಕೊಡಲಿ ಹಿಡಿದ ಪಶ್ಚಿಮದ ಶ್ರಮಜೀವಿಯು ಮುಂದೆ ನಿಂತನು; ಮುಂದಿನ ವಾರವೇ ಅದೇ ಸಂಸ್ಥಾನದ ಷಿಕಾಗೋ ನಗರದಲ್ಲಿ ನಡೆದ ರಾಷ್ಟ್ರೀಯ ಅಧಿವೇಶನವು ಅವನನ್ನೇ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನಾಗಿ ಆರಿಸಿತು.

ಇಲಿನಾಯ್ ಸಂಸ್ಥಾನವು 1955ರಲ್ಲಿ ತನ್ನನ್ನು ಲಿಂಕನ್ನನ ನಾಡೆಂದು ವಿಧಿಪೂರ್ವಕವಾಗಿ ಕರೆದುಕೊಂಡಿತು. ಹೆತ್ತ ನೆಲವಾದ ಕೆಂಟಕಿಯಲ್ಲಾದರೋ, 1860ರ ಆ ಚುನಾವಣೆಯಲ್ಲಿ ಅವನಿಗೆ ದೊರೆತ ಮತಗಳು 1,364; ನೂರಕ್ಕೆ ಒಂದೂ ಇಲ್ಲ.