ಜುಲೈ ತಿಂಗಳ 2ನೆಯ ದಿನ

ಕ್ರಿ. ಶ. 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಜನ್ಮವೆತ್ತಿದರು. ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನವಲಂಬಿಸಿದ್ದ ಇವರು, ಶರಣರ ವಚನಗಳು ಮನೆಮಠಗಳ ತಾಡವೋಲೆಗಳಲ್ಲಿ ಹುಳುತಿಂದು ನಶಿಸುತ್ತಿರುವುದನ್ನು ಕಂಡು ಮರುಗಿದರು. ಊರೂರು ತಿರುಗಿ ಅವನ್ನು ಸಂಗ್ರಹಿಸಿ, ಪಾಠಗಳನ್ನು ಶೋಧಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಪ್ರಥಮ ಭಾಗವನ್ನು ಪ್ರಕಟಪಡಿಸಿದರು. ಪರರ ಮುದ್ರಣಾಲಯಗಳನ್ನೇ ನೆಚ್ಚಿ ಈ ಮಹತ್ಕಾರ್ಯವು ಸಾಗಲಾರದೆಂದರಿತು, ಸ್ವಂತ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು; ಮರುವರ್ಷವೇ 'ಶಿವಾನುಭವ' ಪತ್ರಿಕೆಯು ಹೊರಟಿತು. ಮನೆಯು ಕೈಬಿಟ್ಟಿತಾದರೂ ವಚನಗಳು ಉಳಿದುವು. 1964ನೆಯ ಜೂನ್ 29ರಂದು, 84 ವರ್ಷಗಳು ತುಂಬಲು ಮೂರೇ ದಿನಗಳಿರಲು, ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಕನ್ನಡನಾಡು ವಚನಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ. ಸದ್ಭಕ್ತರು ಅಂದು ತಮ್ಮ ಮನೆಯ ಹಳೆಯ ಓಲೆಕಟ್ಟುಗಳನ್ನು ಬಿಚ್ಚಿ ನೋಡಿ ಕಾಪಾಡುವುದೇ ಆ ಪುಣ್ಯಪುರುಷರಿಗೆ ಸಲ್ಲತಕ್ಕ ಸೇವೆಯು.